ಸಹಾಯ ಬೇಕು: ಹಾಯಿದೋಣಿಯ ಎಂಜಿನ್ ಕಾಯುತ್ತದೆ, ನಲ್ಲಿ ನೀರು ಕಾಯುವುದಿಲ್ಲ

ಡೀಸೆಲ್ ಎಂಜಿನ್ನಿನ ಕೂಲಂಟ್‌ನಿಂದ (ಎಂಜಿನ್ ತಂಪಾಗಿಸುವ ದ್ರವ) ಕಾಯುವ 22 ಲೀಟರ್ ನೀರಿನ ಹೀಟರ್. ಲೋಡ್‌ನಲ್ಲಿ ಒಂದು ಗಂಟೆ ಓಡಿ ಗೇಜ್ 80 ಡಿಗ್ರಿ ತೋರಿಸಿದರೂ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರಷ್ಟೇ. ಹೀಟರ್‌ಗೆ ಹೋಗುವ ಹೋಸ್ ಎಂಜಿನ್ ಹತ್ತಿರ ಮುಟ್ಟಲಾಗದಷ್ಟು ಬಿಸಿ, ವಾಪಸು ಹೋಸ್ ಪೂರ್ತಿ ತಣ್ಣಗೆ. ಅಂದರೆ ಹೀಟರ್ ಒಳಗಿನ ಸುರುಳಿ ಕೊಳವೆಯಲ್ಲಿ (ಕಾಯಿಲ್) ಕೂಲಂಟ್ ಹರಿಯುತ್ತಿಲ್ಲ.

ಏರ್‌ಲಾಕ್ (ಸಿಕ್ಕಿಕೊಂಡ ಗಾಳಿ ಹರಿವು ತಡೆಯುವುದು) ಎಂದೇ ಅನುಮಾನ. ಹೀಟರ್ ಎಂಜಿನ್ನಿನ ಫಿಲ್ಲರ್ ಕ್ಯಾಪ್‌ಗಿಂತ 30 ಸೆಂ.ಮೀ. ಎತ್ತರದಲ್ಲಿದೆ, ಕ್ಯಾಪ್‌ನಿಂದ ಎಷ್ಟು ಸುರಿದರೂ ಕೂಲಂಟ್ ಅಲ್ಲಿಗೇರದು, ಗಾಳಿ ಅಲ್ಲೇ ಉಳಿಯುತ್ತದೆ. ಹೀಟರ್ ಕೆಳಗಿಳಿಸಲು ಜಾಗವಿಲ್ಲ.

ಹೀಟರ್‌ಗಿಂತ ಮೇಲೆ ಪ್ರತ್ಯೇಕ ಹೆಡರ್ ಟ್ಯಾಂಕ್ (ಕೂಲಂಟ್ ತುಂಬುವ ಟ್ಯಾಂಕ್) ಕೂರಿಸಿ, ಪ್ರೆಶರ್ ಕ್ಯಾಪನ್ನು ಅದಕ್ಕೆ ಹಾಕಿ, ಎಂಜಿನ್ ಮೇಲೆ ಬ್ಲಾಂಕ್ ಕ್ಯಾಪ್ (ಒತ್ತಡ ಹೊರಬಿಡದ ಮುಚ್ಚಳ) ಬಿಗಿಯುವ ಯೋಚನೆ ಇದೆ. ಹೀಗೆ ಮಾಡಿದವರು ದಯವಿಟ್ಟು ತಿಳಿಸಿ: ಟ್ಯಾಂಕಿನ ಕೆಳಗಿನ ಹೋಸನ್ನು ಕೂಲಂಟ್ ಪಂಪಿನ ಸಕ್ಷನ್ (ಎಳೆದುಕೊಳ್ಳುವ) ಬದಿಗೆ ಜೋಡಿಸಿದಿರೋ, ಹೀಟರ್‌ನ ವಾಪಸು ಹೋಸ್‌ಗೋ? ಹೋಸಿನ ಅತಿ ಎತ್ತರದ ಜಾಗದಲ್ಲಿ ಬರೀ ಬ್ಲೀಡ್ ಸ್ಕ್ರೂ (ಗಾಳಿ ಹೊರಬಿಡುವ ತಿರುಪು) ಹಾಕಿದರೆ ಸಾಲುತ್ತದೆಯೇ?