‘ಥೈರಾಯ್ಡ್ ಜಾಸ್ತಿ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ. ಹೊಟ್ಟೆನೋವೆಂದು ಓಡಿ ಬಂದವರನ್ನು ಏನೇನು ಕೇಳಬೇಕು ಅಂತ ರಾಯಚೂರಿನ ನರ್ಸ್‌ಗಳಿಗೆ ಕನ್ನಡದಲ್ಲಿ ಒಂದು ಪ್ರಶ್ನೆಪಟ್ಟಿ ಬರೆಯುತ್ತಿದ್ದೇನೆ. ಒಂದು ಪದಕ್ಕೆ ಸಿಕ್ಕಿಬಿದ್ದಿದ್ದೇನೆ.

ಥೈರಾಯ್ಡ್ ಕುತ್ತಿಗೆಯಲ್ಲಿರುವ, ಹಾರ್ಮೋನು ಸುರಿಸುವ ಗ್ರಂಥಿ. ಆದರೆ ನಮ್ಮ ಕಡೆ ಥೈರಾಯ್ಡ್ ಅನ್ನೋದೇ ಕಾಯಿಲೆಯ ಹೆಸರು. ‘ನಮ್ಮವ್ವಗ ಥೈರಾಡ್ ಐತ್ರಿ’ ಅನ್ನುತ್ತಾರೆ. ಯಾವ ಥರದ್ದು ಎಂದರೆ ‘ಜಾಸ್ತಿ ಐತ್ರಿ’. ಈ ‘ಜಾಸ್ತಿ’ ರಕ್ತಪರೀಕ್ಷೆಯ ಚೀಟಿಯಿಂದ ಬಂದದ್ದು. ಅಲ್ಲಿ ಜಾಸ್ತಿ ಇರುವುದು ಟಿಎಸ್‌ಎಚ್, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಥೈರಾಯ್ಡಿಗೆ ಕಳಿಸುವ ತಾಕೀತು. ಥೈರಾಯ್ಡ್ ಕೆಲಸ ಕಡಿಮೆ ಮಾಡಿದಷ್ಟೂ ತಾಕೀತು ಏರುತ್ತದೆ. ಅಂದರೆ ಅವ್ವಗೆ ಹಾರ್ಮೋನು ಬಹುಶಃ ಕಮ್ಮಿ ಇದೆ. ಪೂರಾ ಉಲ್ಟಾ, ಅಲ್ವಾ?

ಹಾರ್ಮೋನು ನಿಜಕ್ಕೂ ಜಾಸ್ತಿ ಇದ್ದು, ಅದನ್ನು ತಗ್ಗಿಸುವ ಗುಳಿಗೆ ಬಿಟ್ಟವರಿಗೆ ‘ಥೈರಾಯ್ಡ್ ಸ್ಟಾರ್ಮ್’ ಆಗಬಹುದು, ಅಂದರೆ ಕಾಯಿಲೆ ಒಮ್ಮೆಲೇ ಕೆರಳಿ ಜೀವಕ್ಕೇ ಕುತ್ತು. ಜ್ವರ, ಎದೆ ಡವಡವ, ವಾಂತಿ, ಭೇದಿ, ಮಾತಿನಲ್ಲಿ ಗೊಂದಲ, ಕೆಲವರಿಗೆ ಕಾಮಾಲೆ. ಹೊಟ್ಟೆನೋವೂ ಸೇರಿದರೆ ಅಪೆಂಡಿಕ್ಸ್ ಒಡೆದಂತೆಯೇ ಕಾಣುತ್ತದೆ. ಹಾಗಂತ ಹೊಟ್ಟೆ ಕೊಯ್ದರೆ ಆಪರೇಷನ್ನಿನ ಪೆಟ್ಟಿನಿಂದ ಸ್ಟಾರ್ಮ್ ಇನ್ನೂ ಕೆರಳುತ್ತದೆ. (ನಿಜವಾದ ಅಪೆಂಡಿಕ್ಸ್ ಸೋಂಕೇ ಸ್ಟಾರ್ಮ್ ಎಬ್ಬಿಸುವುದೂ ಉಂಟು. ಸ್ಕ್ಯಾನ್ ಬಿಡುವ ಹಾಗಿಲ್ಲ.)

ಹಾರ್ಮೋನು ತೀರಾ ಕಮ್ಮಿಯಾದವರ ಕಥೆ ಬೇರೆ. ಕರುಳೇ ಜಡವಾಗುತ್ತದೆ. ‘ಹೊಟ್ಟಿ ಉಬ್ಬೈತ್ರಿ, ಗಾಳಿನೂ ಹೋಗವಲ್ದು’ ಅನ್ನುತ್ತಾರೆ. ಎಕ್ಸ್‌ರೇಯಲ್ಲಿ ಕರುಳು ಊದಿರುತ್ತದೆ, ಆದರೆ ಅಡ್ಡ ಕಟ್ಟಿದ್ದು ಏನೂ ಇರುವುದಿಲ್ಲ. ಇವರಿಗೆ ಬೇಕಾದದ್ದು ಥೈರಾಯ್ಡ್ ಹಾರ್ಮೋನು.

ಈಗ ನರ್ಸ್ ‘ನಿಮಗೆ ಥೈರಾಯ್ಡ್ ಜಾಸ್ತಿನಾ, ಕಮ್ಮಿನಾ?’ ಎಂದು ಕೇಳಿದರೆ ಬರುವ ಉತ್ತರ ನಂಬುವ ಹಾಗಿಲ್ಲ. ‘ಅಧಿಕ ಥೈರಾಯ್ಡ್’ ಎಂದು ಬರೆದರೂ ಅದೇ ಗೊಂದಲ, ಜೊತೆಗೆ ಪುಸ್ತಕದ ವಾಸನೆ. ‘ಚುರುಕು ಥೈರಾಯ್ಡ್, ಮಂದ ಥೈರಾಯ್ಡ್’ ಕಿವಿಗೆ ಚೆನ್ನಾಗಿದೆ, ಆದರೆ ಚುರುಕು ಅಂದರೆ ಹೊಗಳಿಕೆ, ಯಾರೂ ರೋಗ ಅಂದುಕೊಳ್ಳುವುದಿಲ್ಲ. ‘ಸೊರಗಿಸುವ ಥೈರಾಯ್ಡ್, ಊದಿಸುವ ಥೈರಾಯ್ಡ್’ ನನಗೆ ಹಿಡಿಸಿದೆ. ಹಾರ್ಮೋನು ಜಾಸ್ತಿಯಾದರೆ ಮೈ ಸೊರಗುತ್ತದೆ, ಕಮ್ಮಿಯಾದರೆ ಊದುತ್ತದೆ, ಕೂಡಲೇ ಅರ್ಥವಾಗುತ್ತದೆ. ಆದರೆ ಕುತ್ತಿಗೆಯ ಗಡ್ಡೆ ಊದುವುದಕ್ಕೂ ಜನ ‘ಊದು’ ಅಂತಲೇ ಅನ್ನುತ್ತಾರೆ, ಅದೊಂದು ತೊಡಕು. ಸದ್ಯಕ್ಕೆ ‘ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಥೈರಾಯ್ಡ್ ಗುಳಿಗೆ ನುಂಗುತ್ತೀರಾ? ಯಾವಾಗ ಬಿಟ್ಟಿರಿ? ಚೀಟಿ ತೋರಿಸಿ’ ಎಂದು ಬರೆದಿಟ್ಟಿದ್ದೇನೆ. (ಬರೀ ಹೊಟ್ಟೆಯ ಗುಳಿಗೆ ಸಾಮಾನ್ಯವಾಗಿ ಹಾರ್ಮೋನು ಕಮ್ಮಿ ಇದ್ದವರದ್ದು.)

ಸಿಂಧನೂರು, ಕೊಪ್ಪಳ, ಬಳ್ಳಾರಿ ಕಡೆಯವರು ಇವೆರಡನ್ನು ಮನೆಯಲ್ಲಿ ಹೇಗೆ ಬೇರೆ ಮಾಡಿ ಹೇಳುತ್ತೀರಿ? ‘ಸ್ಟಾರ್ಮ್’ಗೆ ‘ಬಿರುಗಾಳಿ’ ಎಂದು ಬರೆದೆ, ಓದಿದ ನರ್ಸ್ ಒಬ್ಬರು ನಕ್ಕರು. ‘ಥೈರಾಯ್ಡ್ ಕೆರಳಿದೆ’ ಅಂದರೆ ನಡೆಯುತ್ತದಾ?