ಮಂಡ್ಯ-ಮೈಸೂರು ಸುತ್ತ ಹಕ್ಕಿ ಫೋಟೊ: 70-300 ಲೆನ್ಸ್ ಸಾಕಾ, ದೊಡ್ಡದು ತಗೊಳ್ಳಬೇಕಾ?

ನಾಲೆಬದಿ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಕ್ರಾಪ್ ಸೆನ್ಸರ್ (ಸ್ವಲ್ಪ ಚಿಕ್ಕ ಸೆನ್ಸರಿನ) ಕ್ಯಾಮೆರಾ, 70-300 ಎಂಎಂ ಝೂಮ್ ಲೆನ್ಸ್ ಇದೆ. ಭಾನುವಾರ ಬಂತು ಅಂದರೆ ಹಕ್ಕಿ ಹುಡುಕಿಕೊಂಡು ಹೊರಡುತ್ತೇನೆ. ಹಕ್ಕಿ ಸಿಗುತ್ತವೆ, ಮನಸ್ಸಿಗೆ ಹಿಡಿಸುವ ಫೋಟೊ ಮಾತ್ರ ಸಿಗುತ್ತಿಲ್ಲ.

ವಿ.ಸಿ. ನಾಲೆ ಬದಿಯ ಗದ್ದೆಗಳಲ್ಲಿ ನಾಟಿ ಸಮಯದಲ್ಲಿ ಬೆಳ್ಳಕ್ಕಿ, ಬಾಯ್ಕಳಕ (ಓಪನ್‌ಬಿಲ್ ಕೊಕ್ಕರೆ), ಟಿಟ್ಟಿಭ ಎಲ್ಲಾ ಇರುತ್ತವೆ. ಬೈಕ್ ನಿಲ್ಲಿಸಿ ಎರಡು ಹೆಜ್ಜೆ ಇಟ್ಟರೆ ಸಾಕು, ಹಾರಿ ಆಚೆ ಗದ್ದೆಗೆ ಹೋಗಿ ಕೂರುತ್ತವೆ. ಸಿಕ್ಕ ಬೆಳ್ಳಕ್ಕಿಯೂ ಬರೀ ಬಿಳಿ ಮುದ್ದೆಯಾಗಿ ಬರುತ್ತದೆ, ಒಂದು ಗರಿಯ ಗೆರೆಯೂ ಕಾಣುವುದಿಲ್ಲ. ರಂಗನತಿಟ್ಟಿಗೆ ಮನೆಯವರ ಜೊತೆ ಹೋದಾಗ ದೋಣಿ ಹತ್ತಿದ್ದು ನಡುಮಧ್ಯಾಹ್ನ. ಅವತ್ತಿನ ಫೋಟೊ ಯಾವುದೂ ಶಾರ್ಪ್ ಇಲ್ಲ, ಬಂಡೆ ಮೇಲೆ ಮಲಗಿದ್ದ ಮೊಸಳೆ ಕೂಡ ಮಂಜುಮಂಜು. ಕದಲದ ಮೊಸಳೆಯೇ ಹೀಗೆ ಬಂದರೆ ಹಾರುವ ಹಕ್ಕಿ ಹೇಗೆ ಬಂದೀತು?

ಪರಿಚಯದವರು ಇನ್ನೂ ದೂರಕ್ಕೆ ಎಟುಕುವ 150-600 ಲೆನ್ಸ್ ತಗೋ ಅಂತ ಹೇಳುತ್ತಿದ್ದಾರೆ. ದುಡ್ಡು ಸಣ್ಣದಲ್ಲ. ತಗೊಂಡರೆ ಈ ತೊಂದರೆ ಹೋಗುತ್ತಾ? ಈ ಸಲ ಕೊಕ್ಕರೆಬೆಳ್ಳೂರಿಗೂ ಹೋಗುವ ಆಸೆ ಇದೆ, ಯಾವ ತಿಂಗಳು ಒಳ್ಳೆಯದು ಅಂತಲೂ ತಿಳಿಸಿ.

---

ಕಾವೇರಿ ಕವಲು (ಶ್ರೀರಂಗಪಟ್ಟಣ)

ನಿಮ್ಮ ಮೊಸಳೆ ಮಂಜಾಗಿದ್ದು ಲೆನ್ಸ್ ತಪ್ಪಲ್ಲ, ಹೊತ್ತಿನ ತಪ್ಪು. ಮಧ್ಯಾಹ್ನ ಟಾರ್ ರೋಡಲ್ಲಿ ದೂರದ ಬಸ್ಸು ನಡುಗಿದ ಹಾಗೆ ಕಾಣುತ್ತದಲ್ಲ, ಕಾದ ಬಂಡೆಯ ಮೇಲೂ ಅದೇ ಝಳ ಏಳುತ್ತದೆ. ಲೆನ್ಸಿಗೂ ಮೊಸಳೆಗೂ ನಡುವಿನ ಗಾಳಿಯೇ ಅಲುಗುತ್ತಿರುವಾಗ ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಅಷ್ಟೇ. ದೂರ ಜಾಸ್ತಿ ಆದಷ್ಟೂ, ಝೂಮ್ ಜಾಸ್ತಿ ಆದಷ್ಟೂ ಅದು ಇನ್ನೂ ಎದ್ದು ಕಾಣುತ್ತದೆ. ಹಾಗಾಗಿ 600 ಹಾಕಿಕೊಂಡು ಅದೇ ಹೊತ್ತಿಗೆ ಹೋದರೆ ಇನ್ನೂ ದೊಡ್ಡದಾದ ಮಂಜು ಮೊಸಳೆ ಸಿಗುತ್ತದೆ.

ಬೆಳಿಗ್ಗೆ ಮೊದಲ ದೋಣಿಗೇ ಹೋಗಿ. ಶಟರ್ ಸ್ಪೀಡ್ ಸೆಕೆಂಡಿನ 1/1600ಕ್ಕಿಂತ ನಿಧಾನಕ್ಕೆ ಇಳಿಸಬೇಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್) ಆಟೋದಲ್ಲಿ ಬಿಡಿ. ಫೋಟೊದಲ್ಲಿ ಸ್ವಲ್ಪ ಗ್ರೇನ್ (ಕಾಳುಕಾಳು) ಬಂದರೆ ಆಮೇಲೆ ಸರಿ ಮಾಡಬಹುದು, ಅಲುಗಿದ ಫೋಟೊ ಸರಿ ಮಾಡೋಕೆ ಆಗಲ್ಲ. ಲೆನ್ಸನ್ನು ದೋಣಿ ಅಂಚಿಗೆ ಊರಬೇಡಿ. ಹುಟ್ಟು ಹಾಕಿದ ಪ್ರತಿ ಸಲ ಆ ಅದುರು ನೇರ ಕ್ಯಾಮೆರಾಕ್ಕೆ ಬರುತ್ತದೆ. ಮೊಣಕೈ ಎರಡನ್ನೂ ಮೈಗೆ ಒತ್ತಿ ಹಿಡಿದರೆ ಸಾಕು. ದೋಣಿಯವರಿಗೆ ಹತ್ತುವಾಗಲೇ ಹೇಳಿ, ನನಗೆ ಹತ್ತು ಹಕ್ಕಿ ಬೇಡ, ಒಂದೆರಡರ ಹತ್ತಿರ ಸ್ವಲ್ಪ ನಿಧಾನ ಮಾಡಿ ಅಂತ. ದಿನಾ ಅದೇ ನೀರಲ್ಲಿರುವ ಜನ, ಯಾವ ಬಂಡೆ ಮೇಲೆ ಏನಿದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ರಂಗನತಿಟ್ಟಿನ ಮಟ್ಟಿಗೆ 300 ಬೇಕಾದಷ್ಟಾಯಿತು. ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಅರಸರಿಗೆ ಹೇಳಿ 1940ರಲ್ಲೇ ಈ ನಡುಗಡ್ಡೆಗಳನ್ನು ಪಕ್ಷಿಧಾಮ ಮಾಡಿಸಿದರು. ಇಲ್ಲಿಯ ಹಕ್ಕಿಗಳಿಗೆ ದೋಣಿ ಅಂದರೆ ಹೆದರಿಕೆಯೇ ಇಲ್ಲ. ಮರಿ ಇರುವ ಕಾಲದಲ್ಲಿ ಬಣ್ಣದ ಕೊಕ್ಕರೆ ನಿಮ್ಮ ತಲೆ ಮೇಲೇ ಕಡ್ಡಿ ಕಚ್ಚಿಕೊಂಡು ಹಾರುತ್ತದೆ, 300 ಕೂಡ ಉದ್ದ ಆಯಿತು ಅನ್ನಿಸುತ್ತದೆ.

ಬಣ್ಣದ ಕೊಕ್ಕರೆ ಮೀನು ಹಿಡಿಯುವುದನ್ನು ಒಂದು ಸಲ ಕ್ಯಾಮೆರಾ ಕೆಳಗಿಟ್ಟು ನೋಡಿ. ಅರ್ಧ ತೆರೆದ ಕೊಕ್ಕನ್ನು ನೀರಲ್ಲಿ ಮುಳುಗಿಸಿ ಆ ಕಡೆ ಈ ಕಡೆ ಆಡಿಸುತ್ತಾ ನಡೆಯುತ್ತದೆ. ಕಾಲಲ್ಲಿ ಕೆಸರು ಕದಡುತ್ತದೆ, ಒಮ್ಮೊಮ್ಮೆ ಒಂದು ರೆಕ್ಕೆಯನ್ನು ಪಟ್ ಅಂತ ಬಿಚ್ಚುತ್ತದೆ. ಮೀನು ಕಣ್ಣಿಗೆ ಕಾಣಬೇಕು ಅಂತಿಲ್ಲ, ಕೊಕ್ಕಿಗೆ ತಗುಲಿದರೆ ಸಾಕು, ಕಚಕ್ ಅಂತ ಮುಚ್ಚಿಕೊಳ್ಳುತ್ತದೆ. ತಲೆ ಮೇಲೆತ್ತಿ ನುಂಗುವ ಆ ಒಂದು ಕ್ಷಣವೇ ನಿಮ್ಮ ಫೋಟೊ. ಇದು ಗೊತ್ತಿದ್ದರೆ ಬೆರಳು ಮೊದಲೇ ಸಿದ್ಧ ಇರುತ್ತದೆ.

ಇನ್ನೊಂದು ಮಾತು, ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ. ವಿಚಾರಿಸಿಕೊಂಡು ಹೊರಡಿ.

---

ಕುಕ್ಕರಹಳ್ಳಿ ಬೆಳಗು (ಮೈಸೂರು)

ಲೆನ್ಸ್ ಈಗಲೇ ತಗೊಳ್ಳಬೇಡಿ ಸರ್. ಆ ದುಡ್ಡು ಎಲ್ಲೂ ಹೋಗಲ್ಲ.

ಒಂದು ತಿಂಗಳು ಗದ್ದೆ ಬಿಟ್ಟು ಮೈಸೂರಿನ ಕೆರೆಗಳಿಗೆ ಬನ್ನಿ. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ, ಯಾವುದಾದರೂ ಸರಿ. ಕಾಡಿಗಿಂತ ಊರ ಕೆರೆಯಲ್ಲೇ ಹಕ್ಕಿ ಹತ್ತಿರ ಸಿಗುತ್ತದೆ ಅಂದರೆ ಹೊಸಬರು ನಂಬುವುದಿಲ್ಲ. ದಿನಾ ಬೆಳಿಗ್ಗೆ ಅಷ್ಟು ಜನ ವಾಕಿಂಗ್ ಮಾಡುತ್ತಾರೆ, ಯಾರೂ ಏನೂ ಮಾಡುವುದಿಲ್ಲ ಅನ್ನುವುದು ಆ ಹಕ್ಕಿಗಳಿಗೆ ಗೊತ್ತಾಗಿಬಿಟ್ಟಿದೆ. ಕುಕ್ಕರಹಳ್ಳಿ ಏರಿ ಮೇಲಿಂದ ಹೆಜ್ಜಾರ್ಲೆ (ಪೆಲಿಕನ್), ಹಾವಕ್ಕಿ (ಡಾರ್ಟರ್), ನೀರುಕಾಗೆ ಎಲ್ಲಾ 300ರಲ್ಲೇ ಚೆನ್ನಾಗಿ ಬರುತ್ತವೆ. ಹಾವಕ್ಕಿ ಮುಳುಗಿ ಎದ್ದ ಮೇಲೆ ರೆಕ್ಕೆ ಅಗಲಿಸಿ ಬಿಸಿಲಿಗೆ ಒಣಗಿಸುತ್ತಾ ತುಂಬಾ ಹೊತ್ತು ಕೂರುತ್ತದೆ. ಸೆಟ್ಟಿಂಗ್ ಬದಲಿಸಿ ಬದಲಿಸಿ ಕಲಿಯೋಕೆ ಅದಕ್ಕಿಂತ ಒಳ್ಳೆಯದು ಬೇರೆ ಸಿಗಲ್ಲ.

ಬೆಳ್ಳಕ್ಕಿ ಬಿಳಿ ಮುದ್ದೆ ಆಗುವುದು ಯಾಕೆ ಅಂದರೆ, ಸುತ್ತ ಕಪ್ಪು ಕೆಸರು ಇರುತ್ತದಲ್ಲ, ಕ್ಯಾಮೆರಾ ಇಡೀ ಜಾಗ ಕತ್ತಲೆ ಅಂದುಕೊಂಡು ಬೆಳಕು ಜಾಸ್ತಿ ತಗೊಂಡುಬಿಡುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ (ಕ್ಯಾಮೆರಾ ಅಳೆದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಮೈನಸ್ 1ಕ್ಕೆ ಇಳಿಸಿ ನೋಡಿ, ಗರಿ ಎಳೆಎಳೆಯಾಗಿ ಕಾಣುತ್ತದೆ. ಅದೇ ಹಕ್ಕಿ ಹಾರಿ ಹಿಂದೆ ಬೆಳ್ಳಗಿನ ಆಕಾಶ ಬಂತು ಅಂದರೆ ತಿರುಗಾ ಪ್ಲಸ್ ಕಡೆ ಹೋಗಬೇಕು, ಇಲ್ಲದಿದ್ದರೆ ಹಕ್ಕಿ ಕಪ್ಪಾಗುತ್ತದೆ. ರಾ ಫೈಲಲ್ಲಿ (ಕ್ಯಾಮೆರಾ ತಿದ್ದದ ಮೂಲ ಫೈಲ್) ತೆಗೆಯಿರಿ, ಆಮೇಲೆ ತಿದ್ದೋಕೆ ಸುಲಭ. ಆದರೂ ಒಮ್ಮೆ ಸುಟ್ಟುಹೋದ ಬಿಳಿ ವಾಪಸ್ ಬರುವುದಿಲ್ಲ ಅನ್ನುವುದು ನೆನಪಿರಲಿ.

ಗದ್ದೆಯಲ್ಲಿ ಹಕ್ಕಿ ಹೆದರುವುದು ಬೈಕಿಗಲ್ಲ, ಬೈಕಿಂದ ಇಳಿಯುವ ಮನುಷ್ಯನಿಗೆ. ಎಂಜಿನ್ ಆಫ್ ಮಾಡಿ ಸುಮ್ನೆ ಬೈಕ್ ಮೇಲೇ ಕೂತಿರಿ. ಕಾರು ಇದ್ದರೆ ಇನ್ನೂ ಒಳ್ಳೆಯದು, ಕಿಟಕಿ ಇಳಿಸಿ ಅದರ ಮೇಲೆ ಒಂದು ಕಾಳು ತುಂಬಿದ ಬಟ್ಟೆ ಚೀಲ ಇಟ್ಟುಕೊಂಡರೆ ಟ್ರೈಪಾಡೇ ಬೇಡ. ಇಳಿದು ಹೋಗಲೇಬೇಕು ಅಂದರೆ ನೇರವಾಗಿ ಹಕ್ಕಿ ಕಡೆ ನಡೆಯಬೇಡಿ, ಪಕ್ಕದಲ್ಲಿ ಹಾದುಹೋಗುವವರ ಹಾಗೆ ಓರೆಯಾಗಿ ನಡೆಯಿರಿ. ಹಕ್ಕಿ ಮೇಯುವುದನ್ನು ನಿಲ್ಲಿಸಿ ಕತ್ತು ಎತ್ತಿತು ಅಂದರೆ ನೀವೂ ನಿಲ್ಲಿ. ಅದು ತಿರುಗಾ ತಲೆ ತಗ್ಗಿಸಿ ಮೇಯೋಕೆ ಶುರು ಮಾಡುವ ತನಕ ಒಂದು ಹೆಜ್ಜೆಯೂ ಬೇಡ. ಎಷ್ಟು ಹತ್ತಿರ ಅನ್ನುವುದನ್ನು ಅದೇ ಹೇಳುತ್ತದೆ.

ನಾಟಿ ಸಮಯದಲ್ಲಿ ಇನ್ನೂ ಸುಲಭದ ದಾರಿ ಇದೆ. ಟ್ರಾಕ್ಟರ್ ಕೆಸರು ಹೊಡೆಯುವ ಗದ್ದೆ ಹುಡುಕಿ. ಹುಳ, ಕಪ್ಪೆ, ಏಡಿ ಮೇಲೆ ಬರುತ್ತವೆ ಅಂತ ಬೆಳ್ಳಕ್ಕಿ ಹಿಂಡು ಚಕ್ರದ ಹಿಂದೆಯೇ ಓಡುತ್ತಿರುತ್ತದೆ, ಆಗ ಅವಕ್ಕೆ ನಿಮ್ಮ ಕಡೆ ಗಮನವೇ ಇರುವುದಿಲ್ಲ. ಗದ್ದೆಯವರನ್ನು ಒಂದು ಮಾತು ಕೇಳಿ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಡಿ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿದರೆ ಹಿಂದಿನ ಹಸಿರೆಲ್ಲ ಮೆತ್ತಗೆ ಕರಗಿಹೋಗುತ್ತದೆ, ನಿಂತು ತೆಗೆದ ಫೋಟೊಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ನೀವೇ ನೋಡುತ್ತೀರಿ. ಬಾಯ್ಕಳಕ ಸಿಕ್ಕರೆ ಬಿಡಬೇಡಿ. ಅದರ ಕೊಕ್ಕಿನ ನಡುವೆ ಸಂದಿ ಇರುತ್ತದೆ, ಬಸವನಹುಳು ಅದರ ದೊಡ್ಡ ಆಹಾರ. ಚಿಪ್ಪನ್ನು ನೆಲಕ್ಕೆ ಒತ್ತಿ ಹಿಡಿದು ಒಳಗಿನ ಮಾಂಸ ಎಳೆಯುವ ಕೆಲಸದಲ್ಲಿ ಮುಳುಗಿತು ಅಂದರೆ ನಿಮಗೆ ಬೇಕಾದಷ್ಟು ಸಮಯ ಸಿಗುತ್ತದೆ.

---

ಹೆಜ್ಜಾರ್ಲೆ ಮನೆ (ಮದ್ದೂರು)

ಕೊಕ್ಕರೆಬೆಳ್ಳೂರಿಗೆ ಜನವರಿಯಿಂದ ಏಪ್ರಿಲ್ ಒಳಗೆ ಬನ್ನಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ಚಳಿಗಾಲದಲ್ಲಿ ಬಂದು ಗೂಡು ಕಟ್ಟಿ, ಮರಿ ಬೆಳೆಸಿಕೊಂಡು ಮಳೆ ಹಿಡಿಯುವ ಹೊತ್ತಿಗೆ ಹೊರಡುತ್ತವೆ. ಬರುವವರು ಮೊದಲು ತಿಳಿಯಬೇಕಾದ್ದು, ಅದು ಪಾರ್ಕ್ ಅಲ್ಲ, ಊರು. ಗೂಡು ಇರುವ ಹುಣಸೆ ಮರ ಯಾರದೋ ಹಿತ್ತಲಲ್ಲಿ ಇರುತ್ತದೆ, ಕೆಳಗೆ ಅವರು ಪಾತ್ರೆ ತೊಳೆಯುತ್ತಿರುತ್ತಾರೆ. ಹೆರಿಗೆಗೆ ತವರಿಗೆ ಬಂದ ಮಗಳು ಅಂತಲೇ ಈ ಹಕ್ಕಿಯನ್ನು ಇಲ್ಲಿ ಕಾಣುವುದು. 2007ರಲ್ಲಿ ಸರ್ಕಾರ ಸಮುದಾಯ ಮೀಸಲು ಅಂತ ಘೋಷಿಸಿತು. ಅದಕ್ಕೂ ಎಷ್ಟೋ ತಲೆಮಾರು ಮೊದಲಿಂದ ಊರಿನವರು ಕಾಪಾಡಿಕೊಂಡು ಬಂದಿದ್ದಾರೆ. ಹಾಗಾಗಿ ಬಾಗಿಲಲ್ಲಿ ನಿಂತು "ಅಮ್ಮಾ, ಒಳಗೆ ಬರಬಹುದಾ?" ಅಂತ ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ. ಮನೆಯವರ ಫೋಟೊ ಮಾತ್ರ ಕೇಳದೆ ತೆಗೆಯಬೇಡಿ.

ತಲೆಗೆ ಟೋಪಿ ಇರಲಿ, ಕ್ಯಾಮೆರಾಕ್ಕೆ ಒಂದು ಬಟ್ಟೆ ಇರಲಿ, ಮೇಲಿಂದ ಹಿಕ್ಕೆ ಬೀಳುತ್ತಲೇ ಇರುತ್ತದೆ. ಮರದ ಬುಡದಿಂದ ಸ್ವಲ್ಪ ಹಿಂದೆ ಸರಿದು ನಿಂತರೆ ಗೂಡು ಪಕ್ಕದಿಂದ ಕಾಣುತ್ತದೆ. ಮರಿ ತಾಯಿಯ ಗಂಟಲಿನ ಚೀಲಕ್ಕೆ ತಲೆ ತೂರಿಸಿ ಮೀನು ತೆಗೆದುಕೊಳ್ಳುವುದು ಆಗ ಚೆನ್ನಾಗಿ ಸಿಗುತ್ತದೆ.

ನನಗೆ ನಿಜವಾಗಿ ಸಂಕಟ ಆಗುವ ವಿಷಯ ಒಂದಿದೆ, ಹೇಳಿಬಿಡುತ್ತೇನೆ. ಹಾರಲಿ ಅಂತ ಚಪ್ಪಾಳೆ ತಟ್ಟುವವರನ್ನು, ಡ್ರೋನ್ ಎತ್ತುವವರನ್ನು ನೋಡಿದ್ದೇನೆ. ಹೆಜ್ಜಾರ್ಲೆ ಗಾಬರಿಯಲ್ಲಿ ಎದ್ದರೆ ಆ ರೆಕ್ಕೆ ಬೀಸಿಗೆ ಮರಿ ಗೂಡಿಂದ ಜಾರಿ ಕೆಳಗೆ ಬೀಳಬಹುದು. ಅಷ್ಟು ಎತ್ತರದಿಂದ ಬಿದ್ದ ಮರಿ ಉಳಿಯುವುದು ಕಷ್ಟ, ಉಳಿದರೂ ಅದನ್ನು ಸಾಕಿ ಬಿಡುವ ಕೆಲಸ ಊರಿನವರದ್ದೇ. ಒಂದು ಹಾರುವ ಫೋಟೊಕ್ಕೆ ಅಷ್ಟು ಬೆಲೆ ಕೊಡಬೇಕಾ? ಬೆಳಿಗ್ಗೆ ಸ್ವಲ್ಪ ಹೊತ್ತು ಕಾದರೆ ಅವೇ ಕೆರೆಗೆ ಹೋಗಿ ಬರುತ್ತಿರುತ್ತವೆ.

ಸಣ್ಣ ಹಕ್ಕಿಗಳ ಗೂಡಿಗೂ ಇದೇ ಮಾತು. ಪಿಕಳಾರ, ಸೂರಕ್ಕಿ ಮನೆ ಗಿಡದಲ್ಲೇ ಗೂಡು ಕಟ್ಟುತ್ತವೆ, ಸರಿಯಾಗಿ ಕಾಣಲಿ ಅಂತ ಅಡ್ಡ ಇರುವ ರೆಂಬೆ ಕಡಿಯುವವರಿದ್ದಾರೆ. ಆ ರೆಂಬೆ ಹೋದರೆ ನೆರಳು ಹೋಯಿತು, ಮರೆಯೂ ಹೋಯಿತು. ಬಿಸಿಲಿಗೆ ಮೊಟ್ಟೆ ಕೆಡುತ್ತದೆ, ಕಾಗೆಗೂ ಗೂಡು ಕಂಡುಬಿಡುತ್ತದೆ. ಮೊಬೈಲಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ. ಮರಿ ಇರುವ ಕಾಲದಲ್ಲಿ ಬೇರೆ ಗಂಡು ಬಂತು ಅಂದುಕೊಂಡು ಅದು ಮೇವು ಬಿಟ್ಟು ಜಗಳಕ್ಕೆ ಬರುತ್ತದೆ. ಗೂಡಿನ ಫೋಟೊ ನಾನು ಹಾಕುವುದಿಲ್ಲ, ಜಾಗವನ್ನಂತೂ ಬರೆಯುವುದೇ ಇಲ್ಲ.

---

ಹಿನ್ನೀರು (ಎಚ್.ಡಿ. ಕೋಟೆ)

ಮೇಲಿನವರ ಮಾತು ಹಕ್ಕಿಗೆ ಪೂರ್ತಿ ಒಪ್ಪುತ್ತೇನೆ. ಪ್ರಾಣಿಗಳ ಕಡೆ ಮನಸ್ಸು ಹೋದರೆ ಲೆಕ್ಕ ಸ್ವಲ್ಪ ಬೇರೆ, ಅದೂ ದೊಡ್ಡ ಝೂಮ್ ಪರವಾಗಿ ಅಲ್ಲ. ಕಬಿನಿ ಕಡೆ ಬೆಳಗಿನ ಸಫಾರಿಯಲ್ಲಿ ಮೊದಲ ಅರ್ಧ ಗಂಟೆ ಮರದ ಕೆಳಗೆ ಬೆಳಕೇ ಇರುವುದಿಲ್ಲ. 150-600 ಲೆನ್ಸ್ ಪೂರ್ತಿ ಎಳೆದರೆ ಎಫ್ 6.3, ಅಂದರೆ ಒಳಗೆ ಬರುವ ಬೆಳಕು ಕಡಿಮೆ, ಆ ಬೆಳಕಿಗೆ ಫೋಕಸ್ ತಡಕಾಡುತ್ತದೆ. ಆನೆ, ಕಾಟಿ, ಜಿಂಕೆಗೆ 300 ಸಾಕು, ಎಷ್ಟೋ ಸಲ 70ರಲ್ಲೇ ಆನೆ ಚೌಕಟ್ಟು ತುಂಬಿರುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹೊಸ ಹುಲ್ಲಿಗೆ ಆನೆ ಹಿಂಡು ಹಿಂಡಾಗಿ ಬರುತ್ತವೆ. ಆಗ ಇಡೀ ದಡ, ನೀರು, ಹಿಂಡು ಎಲ್ಲಾ ಸೇರಿಸಿ ತೆಗೆದ ಫೋಟೊವೇ ಚೆಂದ.

ಕಾಡಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಮುಸುವ ಮರದ ಮೇಲಿಂದ ಕೆಮ್ಮಿದ ಹಾಗೆ ಕೂಗಿದರೆ, ಜಿಂಕೆ ಕಿರುಚಿದರೆ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿಸಿ. ಜಿಂಕೆ ಸಣ್ಣದಕ್ಕೂ ಗಾಬರಿ ಬೀಳುತ್ತದೆ. ಕಡವೆ ಹಾಗಲ್ಲ. ಅದು ಕಾಲು ಬಡಿದು, ಬಾಲ ಎತ್ತಿ, ಬಿಟ್ಟು ಬಿಟ್ಟು ಕೂಗುತ್ತಿದೆ ಅಂದರೆ ಹುಲಿಯೋ ಚಿರತೆಯೋ ಹತ್ತಿರದಲ್ಲೇ ಇರುವ ಸಾಧ್ಯತೆ ಜಾಸ್ತಿ. ಆಗ ಎಲ್ಲರೂ ಎದ್ದು ನಿಂತು ಮಾತಾಡಿದರೆ ಮುಗಿಯಿತು. ಹೊರಡುವ ಮೊದಲು ಸಫಾರಿ ನಡೆಯುತ್ತಿದೆಯಾ, ಕ್ಯಾಮೆರಾ ಶುಲ್ಕ ಎಷ್ಟು ಅಂತ ಕೇಳಿಕೊಳ್ಳಿ, ನಿಯಮ ಬದಲಾಗುತ್ತಿರುತ್ತದೆ. ಕಾಡಿನ ರಸ್ತೆಯಲ್ಲಿ ಸ್ವಂತ ಗಾಡಿ ನಿಲ್ಲಿಸಿ ಇಳಿಯುವುದು ಮಾತ್ರ ಯಾವತ್ತೂ ಬೇಡ. ನಿಮ್ಮ ಮಂಡ್ಯ ಕಡೆ ಕಬ್ಬಿನ ಗದ್ದೆಗೂ ಇದು ಅನ್ವಯಿಸುತ್ತದೆ. ಚಿರತೆ ಕಬ್ಬಿನೊಳಗೇ ಮರಿ ಹಾಕುತ್ತದೆ, ಹಕ್ಕಿ ಹಿಂದೆ ಒಳಗೆ ನುಗ್ಗಬೇಡಿ.

---

ನಾಲೆಬದಿ (ಮಂಡ್ಯ)

ಎಲ್ಲರಿಗೂ ತುಂಬಾ ಧನ್ಯವಾದ. ಲೆನ್ಸ್ ಮಾತು ಸದ್ಯಕ್ಕೆ ಬಿಟ್ಟೆ. ಇವತ್ತು ಬೆಳಿಗ್ಗೆ ಮೈನಸ್ 1 ಹಾಕಿ ಬೈಕ್ ಮೇಲೇ ಕೂತು ತೆಗೆದೆ, ಬೆಳ್ಳಕ್ಕಿಯ ಬೆನ್ನಿನ ಗರಿ ಎಳೆ ಮೊದಲ ಸಲ ಕಂಡಿತು! ಕೊನೆಯದಾಗಿ ಒಂದು ಪ್ರಶ್ನೆ. ನಂಜನಗೂಡು ಕಡೆಯ ಹದಿನಾರು ಕೆರೆಗೆ ಪಟ್ಟೆತಲೆ ಹೆಬ್ಬಾತು ಬರುತ್ತವಲ್ಲ, ಅದಕ್ಕಾದರೂ 600 ಬೇಕೇ ಬೇಕಾಗುತ್ತದಾ?

---

ಕುಕ್ಕರಹಳ್ಳಿ ಬೆಳಗು (ಮೈಸೂರು)

ಅಲ್ಲಿ ದೊಡ್ಡ ಲೆನ್ಸ್ ಇದ್ದರೆ ಅನುಕೂಲ, ಸುಳ್ಳು ಹೇಳುವುದಿಲ್ಲ. ಹಗಲೆಲ್ಲ ಕೆರೆ ನಡುವೆ ದೂರದಲ್ಲಿ ಹಿಂಡಾಗಿ ಕೂತು ನಿದ್ದೆ ಮಾಡುತ್ತವೆ. ಅಂಥ ಸಮಯದಲ್ಲಿ ನಿಮ್ಮ 300ಕ್ಕೆ ಸಿಗುವುದು ಬರೀ ಚುಕ್ಕಿ. ಆದರೆ ಅವು ಮೇಯೋಕೆ ಹೋಗುವುದು ರಾತ್ರಿ, ಸುತ್ತಲ ಗದ್ದೆಗಳಿಗೆ. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಹೋಗಿ, ಸೂರ್ಯ ನಿಮ್ಮ ಬೆನ್ನಿಗೆ ಬರುವ ಕಡೆ ಗಿಡದ ಮರೆಯಲ್ಲಿ ಕೂತರೆ ಗದ್ದೆಯಿಂದ ಕೆರೆಗೆ ವಾಪಸ್ ಬರುವಾಗ ತಲೆ ಮೇಲೆ ಹಾದುಹೋಗುತ್ತವೆ. 1/2000 ಇಡಿ, ಪ್ಲಸ್ ಕಡೆ ಎಕ್ಸ್‌ಪೋಷರ್. ಡಿಸೆಂಬರಿಂದ ಫೆಬ್ರವರಿ ಒಳಗೆ ಹೋಗಿ.

ಕೂತಿರುವ ಹಿಂಡಿನ ಹತ್ತಿರ ಹೋಗೋಕೆ ಯತ್ನಿಸಬೇಡಿ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದಿರುತ್ತವೆ, ವಾಪಸ್ ಹೋಗೋಕೆ ಮೈಯಲ್ಲಿ ಕೊಬ್ಬು ಕಟ್ಟಬೇಕು. ಪದೇ ಪದೇ ಎಬ್ಬಿಸಿದರೆ ಆ ಶಕ್ತಿಯೇ ಖರ್ಚು.

ತೆಗೆದ ಫೋಟೊಗಳನ್ನು ಮನೆಗೆ ಬಂದು ದೊಡ್ಡದು ಮಾಡಿ ಪ್ರತಿ ಹಕ್ಕಿಯ ಕತ್ತು ನೋಡಿ. ಮಂಗೋಲಿಯಾದಲ್ಲಿ ಸಂಶೋಧಕರು ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಹಿಂದೆ ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಪಟ್ಟಿ ಕಂಡರೆ ಅದರ ಬಣ್ಣ, ಮೇಲಿನ ಅಕ್ಷರ-ಅಂಕಿ, ತಾರೀಖು ಬರೆದಿಟ್ಟುಕೊಂಡು, ಹಕ್ಕಿ ನೋಡಿದ್ದನ್ನು ದಾಖಲಿಸುವ ವೆಬ್‌ಸೈಟ್ ಇ-ಬರ್ಡ್‌ನಲ್ಲಿ ಫೋಟೊ ಸಮೇತ ಹಾಕಿ. ಫೋಟೊ ಮಂಜಾಗಿದ್ದರೂ ಪರವಾಗಿಲ್ಲ, ಅಂಕಿ ಓದೋಕೆ ಬಂದರೆ ಸಾಕು.