ಕುರ್ಚಿಯಲ್ಲಿ ಕುಳಿತೇ ಕೈಯಾಡಿಸಬಹುದಾದ ತರಕಾರಿ ಮಡಿ ಹೇಗೆ?

ಪ್ರಶ್ನೆ:
ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಪಾರ್ಶ್ವವಾಯುವಿನ ನಂತರ ಅಪ್ಪನ ಬಲಗೈ ಸೋತಿದೆ, ಗಾಲಿಕುರ್ಚಿಯೇ ಆಸರೆ. ಮೊದಲು ಮಳೆಗಾಲದ ಸೌತೆಯನ್ನು ಊರಿಗೆಲ್ಲ ಹಂಚುತ್ತಿದ್ದವರು ಈಗ ಜಗಲಿಯಲ್ಲಿ ಕುಳಿತು ಅಮ್ಮನಿಗೆ ಆಜ್ಞೆ ಕೊಡುತ್ತಾರೆ. ಅಮ್ಮನಿಗೂ ಸಾಕಾಗಿದೆ. ನಾನು, ತಂಗಿ ಮೇ ಕೊನೆಗೆ ಬೆಂಗಳೂರಿನಿಂದ ಹೋಗಿ ಅಂಗಳದಲ್ಲಿ ತರಕಾರಿ ಹಾಕಿಕೊಡುವ ಯೋಚನೆಯಲ್ಲಿದ್ದೇವೆ. ಮಡಿ ಎಷ್ಟು ಎತ್ತರವಿರಬೇಕು? ಆ ಮಳೆಗೆ ಏನು ತಾಳುತ್ತದೆ?

ಉತ್ತರ 1:
ನೆಲದ ಮಡಿ ಬೇಡ. ಮೇಜಿನಂತೆ ಕಾಲುಗಳ ಮೇಲೆ ನಿಂತ ಮರದ ತೊಟ್ಟಿ ಮಾಡಿಸಿ. ಮೇಲಂಚು ಸುಮಾರು 2.5 ಅಡಿ, ಕೆಳಗೆ ಮೊಣಕಾಲು ತೂರುವಷ್ಟು ಜಾಗ. ಒಂದೇ ಬದಿಯಿಂದ ಕೈ ಹಾಕುವುದಾದರೆ ಅಗಲ 2 ಅಡಿ ಮೀರದಿರಲಿ. ತಳದಲ್ಲಿ ತೂತುಗಳಿಲ್ಲದಿದ್ದರೆ ಜುಲೈಯಲ್ಲಿ ಅದು ಕೆಸರುಗದ್ದೆ. ಹರಿವೆ ಬೀಜವನ್ನು ಜಡಿಮಳೆ ಕೊಚ್ಚಿಬಿಡುತ್ತದೆ, ಸೂರಿನಡಿ ಇಡಿ. ಬೆಂಡೆ, ಅಲಸಂದೆ ಮೊದಲ ಮಳೆಗೇ ಬಿತ್ತಿ. ಹೀರೆ, ಸೌತೆಗೆ ಪಕ್ಕದಲ್ಲಿ ತಗ್ಗು ಚಪ್ಪರ ಸಾಕು. ಕಾಯಿ ಅವರ ಎಡಗೈಗೆ ಸಿಗುವಂತಿರಲಿ.

ಉತ್ತರ 2:
ಬಸಳೆ ದಂಟು ನೆಟ್ಟರೂ ಬರುತ್ತದೆ, ಬೀಜದ ರಗಳೆಯಿಲ್ಲ. ಆದರೆ ಅವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಸೊಪ್ಪಿನೂಟವನ್ನು ಏಕಾಏಕಿ ಹೆಚ್ಚಿಸಬೇಡಿ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಪ್ರಭಾವವನ್ನು ಕುಗ್ಗಿಸುತ್ತದೆ.

ಉತ್ತರ 3:
ನೀವು ಬೆಂಗಳೂರಿಗೆ ಮರಳಿದ ಮೇಲೆ ಕಳೆ ಕೀಳುವವರು ಯಾರು? ಅಮ್ಮನೇ ಆದರೆ ಒಂದು ತೊಟ್ಟಿಗಿಂತ ಹೆಚ್ಚು ಮಾಡಬೇಡಿ.

ಪ್ರಶ್ನೆ ಕೇಳಿದವರು:
ವಾರ್ಫರಿನ್ ಇದೆ, ವೈದ್ಯರನ್ನು ಕೇಳುತ್ತೇನೆ. ತೊಟ್ಟಿ ಒಂದೇ. ಅಪ್ಪ ಆಗಲೇ ಫೋನಿನಲ್ಲಿ ಹಲಸಿನ ಹಲಗೆಯೇ ಆಗಬೇಕೆಂದು ಹಟ ಹಿಡಿದಿದ್ದಾರೆ.